ಖಾರದ ಕೆಮ್ಮು

ನಮ್ಮ ಮನೆಯಲ್ಲಿ ಒಬ್ಬರು ಕೆಮ್ಮಿದರೆ ಇನ್ನೊಬ್ಬರು ತಲೆ ಎತ್ತಿ ನೋಡುತ್ತಿರಲಿಲ್ಲ. ಕೊಡಗಿನ ಅಮ್ಮತ್ತಿಯ ಪೇಟೆ ಮುಗಿದು ಕಾಫಿ ಎಸ್ಟೇಟಿನ ಬೇಲಿ ಶುರುವಾಗುವಲ್ಲಿ ನಮ್ಮ ಹಿಟ್ಟಿನ ಮಿಲ್ಲು ಇತ್ತು. ಈಗಲೂ ಇದೆ, ಈಗ ನಡೆಸುವವಳು ನಾನು. ಮಿಲ್ಲಿನ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಅಡುಗೆಮನೆಗೂ ಮಿಲ್ಲಿಗೂ ನಡುವೆ ಒಂದೇ ಗೋಡೆ, ಆ ಗೋಡೆಗೊಂದು ಬಾಗಿಲು, ಬಾಗಿಲಿಗೆ ಅವ್ವ ಹೊಲಿದು ಕಟ್ಟಿದ ಗೋಣಿಯ ಪರದೆ. ಪರದೆ ಹಿಟ್ಟನ್ನು ತಡೆಯುತ್ತದೆ ಎಂದು ಅವ್ವ ನಂಬಿದ್ದಳು. ಹಿಟ್ಟು ಮಾತ್ರ ತನ್ನ ಪಾಡಿಗೆ ಒಳಗೆ ಬಂದು ದೇವರ ಪಟದ ಗಾಜಿನ ಮೇಲೆ, ನೀರಿನ ಹಂಡೆಯ ಮುಚ್ಚಳದ ಮೇಲೆ, ನನ್ನ ಎರಡು ಜಡೆಗಳ ಮೇಲೆ ಬೆಳ್ಳಗೆ ಕೂರುತ್ತಿತ್ತು. ಶಾಲೆಯಲ್ಲಿ ನನಗೆ ಅಜ್ಜಿ ಎಂದೇ ಹೆಸರು. ಅಪ್ಪ ಅವ್ವ ಇಬ್ಬರೂ ಶನಿವಾರಸಂತೆ ಕಡೆಯವರು, ಮದುವೆಯಾದ ಮೇಲೆ ಇಲ್ಲಿಗೆ ಬಂದು ಮಿಲ್ಲು ಹಾಕಿದವರು. ಮಿಲ್ಲಿಗೆ ಕೊಡವ ಮಾತಿನವರು, ಮಲಯಾಳದವರು, ಎಸ್ಟೇಟಿನ ಕೂಲಿ ಲೈನಿನ ತಮಿಳರು, ಪೇಟೆಯ ಸಾಹೇಬರ ಮನೆಯ ಹೆಂಗಸರು ಎಲ್ಲರೂ ಬರುತ್ತಿದ್ದರು. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸದ ಕಾರಣ ಭಾಷೆಯ ತಕರಾರೇ ಇರಲಿಲ್ಲ. ಎರಡು ಬೆರಳು ಉಜ್ಜಿ ತೋರಿಸಿದರೆ ನುಣ್ಣಗೆ, ಮುಷ್ಟಿ ಅಲ್ಲಾಡಿಸಿದರೆ ಕೊಡವರ ಅಕ್ಕಿ ಉಂಡೆ ಕಡಂಬುಟ್ಟಿಗೆ ಬೇಕಾದ ತರಿ. ನಾನು ಅಕ್ಷರ ಕಲಿಯುವುದಕ್ಕೆ ಮೊದಲೇ ಆ ಸನ್ನೆಗಳನ್ನು ಕಲಿತಿದ್ದೆ.

ಅಕ್ಕಿ, ರಾಗಿ, ಗೋಧಿಗೆ ಒಂದು ಮಿಷಿನ್ನು, ಅದು ಅಪ್ಪನದು. ಒಣಮೆಣಸು, ಕೊತ್ತಂಬರಿ, ಅರಿಸಿನಕ್ಕೆ ಪಕ್ಕದ ಕಿರುಕೋಣೆಯಲ್ಲಿ ಇನ್ನೊಂದು, ಅದು ಅವ್ವನದು. ಅಪ್ಪನಿಗೆ ಖಾರ ಆಗುತ್ತಿರಲಿಲ್ಲ. ಮೆಣಸಿನಕಾಯಿಯ ಚೀಲದ ಬಾಯಿ ಬಿಚ್ಚಿದರೆ ಸಾಕು, ಹತ್ತು ಸಲ ಸೀನಿ, ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಓಡುತ್ತಿದ್ದ. ಅವ್ವ ಸೆರಗನ್ನು ಮೂಗಿನ ಮೇಲೆ ಎರಡು ಸುತ್ತು ಬಿಗಿದು, ಆ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರೆ ಎರಡು ಮೂರು ಗಂಟೆ ಬಿಟ್ಟು ಹೊರಗೆ ಬರುವಳು. ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಮಡಿಕೆ ಎಲ್ಲ ಕೆಂಪು. ಗಿರಾಕಿಗಳ ಮುಂದೆ ಅಪ್ಪ ಇದನ್ನೇ ಜಂಬ ಕೊಚ್ಚಿಕೊಳ್ಳುತ್ತಿದ್ದ.

“ನಮ್ಮೋಳಿಗೆ ಖಾರ ಅಂದ್ರೆ ಸಕ್ಕರೆ ಇದ್ದಂಗೆ. ಗಂಡಸರೇ ನಿಲ್ಲಕ್ಕಾಗಲ್ಲ ಅಲ್ಲಿ.”

ಖಾರದ ಕೋಣೆಗೆ ಒಂದು ಕಿಟಕಿ ಇತ್ತು. ಅದರ ಬಾಗಿಲಿಗೆ ಅಪ್ಪ ಮೊಳೆ ಹೊಡೆದಿದ್ದ. ನಮ್ಮ ಮನೆಯಲ್ಲಿ ನಾನು ಕಂಡ ಜಗಳಗಳಲ್ಲಿ ಮುಕ್ಕಾಲು ಪಾಲು ಆ ಕಿಟಕಿಯ ಜಗಳ. ಗಾಳಿ ಬಂದರೆ ಪುಡಿ ಹಾರುತ್ತದೆ. ಪುಡಿ ಹಾರಿದರೆ ತೂಕ ಕಡಿಮೆಯಾಗುತ್ತದೆ. ಒಂದು ಸೇರು ಮೆಣಸು ತಂದವಳು ಮನೆಗೆ ಹೋಗಿ ಅಳೆದು ನೋಡಿ, ಮಿಲ್ಲಿನವನು ಒಂದು ಹಿಡಿ ತೆಗೆದುಕೊಂಡ ಎಂದು ಪೇಟೆಯೆಲ್ಲ ಹೇಳಿದರೆ ಅಲ್ಲಿಗೆ ಮುಗಿಯಿತು. ಮಿಲ್ಲಿನವನಿಗೆ ಕಳ್ಳನೆಂಬ ಹೆಸರು ಬರುವುದು ಸುಲಭ, ಹೋಗುವುದು ಕಷ್ಟ. ಇದು ಅಪ್ಪನ ವಾದ. ಅವ್ವ ರೊಟ್ಟಿ ತಟ್ಟುತ್ತ, ಒಲೆಯ ಕಡೆ ಮುಖ ಮಾಡಿಕೊಂಡೇ ಉತ್ತರ ಕೊಡುತ್ತಿದ್ದಳು.

“ಹಾರೋ ಪುಡಿಯೆಲ್ಲ ನನ್ನ ಎದೆಗೆ ಹೋಗ್ತಾ ಐತಲ್ಲ, ಅದನ್ನ ತೂಕ ಹಾಕಿ ಕೊಡು ಅವರಿಗೆ.”

“ಮಾತಿಗೇನು ಬರ ಇಲ್ಲ ನಿನಗೆ.”

ಅಷ್ಟು ಹೇಳಿ ಅಪ್ಪ ರೊಟ್ಟಿಯನ್ನು ಸುರುಳಿ ಸುತ್ತಿ, ನಿಂತೇ ತಿಂದು ಮಿಲ್ಲಿಗೆ ಹೋಗಿಬಿಡುತ್ತಿದ್ದ. ಅವನು ಕೂತು ಉಂಡದ್ದನ್ನು ನಾನು ನೋಡಿದ್ದು ಹಬ್ಬಗಳಲ್ಲಿ ಮಾತ್ರ. ಕೆಟ್ಟವನಲ್ಲ ನಮ್ಮಪ್ಪ. ಹೊಡೆದವನಲ್ಲ, ಕುಡಿದವನಲ್ಲ. ಮಿಲ್ಲು ಓಡುತ್ತಿದ್ದರೆ ಮನೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಂಬಿದ್ದ ಮನುಷ್ಯ. ಈ ನಂಬಿಕೆ ಎಂಥ ಒಳ್ಳೆಯವರನ್ನೂ ಕುರುಡು ಮಾಡುತ್ತದೆ ಎಂದು ಹೇಳುವ ಹಕ್ಕು ನನಗಿದೆ, ಯಾಕೆಂದರೆ ನನಗೂ ಅದೇ ನಂಬಿಕೆ ಬಂದು ಎಷ್ಟೋ ವರ್ಷ ಹೋಗಿರಲಿಲ್ಲ.

ಅವ್ವನ ಕೆಮ್ಮು ಯಾವಾಗ ಶುರುವಾಯಿತೆಂದು ಹೇಳಲಾರೆ. ಮೂವರೂ ಕೆಮ್ಮುತ್ತಿದ್ದೆವು, ಸಾಲಿನಲ್ಲಿ ನಿಂತ ಗಿರಾಕಿಗಳೂ ಕೆಮ್ಮುತ್ತಿದ್ದರು. ಅದಕ್ಕೆ ಖಾರದ ಕೆಮ್ಮು ಎಂದು ಹೆಸರಿಟ್ಟು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಸುಮ್ಮನಾಗುವುದು ಮಿಲ್ಲಿನ ಪದ್ಧತಿ. ನನಗೆ ಹನ್ನೊಂದು ವರ್ಷವಾದಾಗ ಅವ್ವನ ಖಾರದ ಸೀರೆ ಒಗೆಯುವ ಕೆಲಸ ನನ್ನ ಪಾಲಿಗೆ ಬಂತು. ಬಚ್ಚಲಿನ ಹಿಂದೆ ಒಗೆಯುವ ಕಲ್ಲು ಇತ್ತು. ಮೆಣಸಿನ ಪುಡಿ ನೀರಿಗೆ ಬಿದ್ದ ಕೂಡಲೇ ಬಿಡುತ್ತದೆ, ಕೈ ಉರಿಯುತ್ತದೆ ಅಷ್ಟೇ. ಒಂದು ದಿನ ಸೆರಗಿನ ತುದಿಯಲ್ಲಿದ್ದ ನಾಲ್ಕು ಬೆರಳಗಲದ ಕೆಂಪು ಎಷ್ಟು ತಿಕ್ಕಿದರೂ ಬಿಡಲಿಲ್ಲ. ಒಣಗಿ ಗಟ್ಟಿಯಾಗಿತ್ತು, ಅಂಚು ಕಂದಾಗಿತ್ತು. ಅವ್ವನನ್ನು ಕೂಗಿದೆ.

“ವಸಡಿಂದ ಬಂದದ್ದು ಕಣೆ. ತಣ್ಣೀರಲ್ಲಿ ನೆನೆಹಾಕು, ಹೋಗ್ತದೆ.”

ಮುಂದಿನ ವಾರ ಮತ್ತೆ ಬಂತು, ಅದರ ಮುಂದಿನ ವಾರವೂ ಬಂತು. ವಸಡು ಅಷ್ಟೊಂದು ರಕ್ತ ಕೊಡುವುದಿಲ್ಲ ಎಂದು ತಿಳಿಯದಷ್ಟು ಪೆದ್ದಿ ನಾನಾಗಿರಲಿಲ್ಲ. ಮೂರನೆಯ ಸಲ ಅವ್ವ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಅಪ್ಪನಿಗೆ ಹೇಳ್ಬೇಡ ಜಾನು. ಯಾರಿಗೂ ಹೇಳ್ಬೇಡ. ಪೇಟೆ ತುದೀಲಿ ಚಾ ಅಂಗಡಿಯವರದ್ದು ಏನಾಯ್ತು ಅಂತ ನೋಡಿದ್ಯಲ್ಲ. ಅದು ಬರೀ ಚಾ. ನಮ್ಮದು ಜನ ಹೊಟ್ಟೆಗೆ ತಿನ್ನೋ ಹಿಟ್ಟು.”

ನೋಡಿದ್ದೆ. ಆ ಅಂಗಡಿಯವನಿಗೆ ಕ್ಷಯ ಎಂದು ಸುದ್ದಿಯಾದ ಮೇಲೆ ಅವನ ಬೆಂಚಿನ ಮೇಲೆ ನಾಯಿಯೊಂದು ಮಲಗಿರುತ್ತಿತ್ತು, ಮನುಷ್ಯರು ಕೂರುತ್ತಿರಲಿಲ್ಲ. ಆಮೇಲೆ ಅವನು ಅಂಗಡಿಯ ಹಲಗೆ ಹಾಕಿ ಮಾಕುಟ್ಟದ ದಾರಿಯಲ್ಲಿ ಕೇರಳಕ್ಕೆ ಹೋಗಿಬಿಟ್ಟ. ಅವ್ವ ಆ ಕಾಯಿಲೆಯ ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತಿನಿಂದ ಆ ಸೀರೆಯನ್ನು ಬೇರೆಯವರ ಕಣ್ಣಿಗೆ ಬೀಳದ ಹಾಗೆ ಮೊದಲು ನೆನೆಹಾಕಿ, ಉಳಿದ ಬಟ್ಟೆಯನ್ನು ಆಮೇಲೆ ತರುವುದನ್ನು ರೂಢಿ ಮಾಡಿಕೊಂಡೆ. ಗುಟ್ಟು ಕಾಯುವುದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಇದನ್ನು ಬರೆಯುವಾಗ ನನ್ನ ಮೇಲೇ ಸಿಟ್ಟು ಬರುತ್ತದೆ.

ವರ್ಷದಲ್ಲಿ ಮಿಲ್ಲು ಮೂರು ದಿನ ಪೂರ್ತಿ ನಿಲ್ಲುತ್ತಿದ್ದದ್ದು ಕೈಲ್‌ಪೊಳ್ದಿನಲ್ಲಿ ಮಾತ್ರ. ನಾಟಿ ಮುಗಿದ ಮೇಲೆ ಬರುವ ಆ ಹಬ್ಬ ನಮ್ಮ ಕಡೆಯದಲ್ಲ. ಆದರೆ ಇಲ್ಲಿ ಕೋವಿ, ಕತ್ತಿ, ನೇಗಿಲನ್ನು ತೊಳೆದು ಪೂಜೆಗಿಟ್ಟು, ಅವುಗಳಿಗೆ ಬಿಡುವು ಕೊಡುವುದನ್ನು ನೋಡಿ ಅಪ್ಪ ಮಿಷಿನ್ನಿಗೂ ಅದನ್ನೇ ಮಾಡುತ್ತಿದ್ದ. ಬೆಲ್ಟು ಬಿಚ್ಚಿ ಸುತ್ತಿಡುವನು, ಬೀಸುವ ಕಲ್ಲುಗಳನ್ನು ತೊಳೆದು ಬಿಸಿಲಿಗಿಡುವನು, ಗಂಧ ಹಚ್ಚಿ ಹೂವಿಡುವನು. ಮಿಷಿನ್ನಿಗೆ ರಜೆ ಕೊಡಬೇಕೆಂದು ತಿಳಿದಿದ್ದ ಅಪ್ಪನಿಗೆ ಅದನ್ನು ಓಡಿಸುವವಳಿಗೂ ಒಂದು ರಜೆ ಬೇಕೆಂದು ಹೊಳೆದಿರಲಿಲ್ಲ. ಹಬ್ಬದ ಮೂರು ದಿನವೂ ಅವ್ವ ಮಿಲ್ಲಿನ ಗೋಡೆ, ಜಂತಿ, ಚೀಲಗಳನ್ನು ಗುಡಿಸುತ್ತಿದ್ದಳು. ಆ ವರ್ಷ ಹಬ್ಬದ ಮೂರನೆಯ ದಿನ ಎದುರು ಮನೆಯ ಬೊಳ್ಳಮ್ಮಕ್ಕ ಕಡಂಬುಟ್ಟು, ಹಂದಿ ಸಾರು ತಂದುಕೊಟ್ಟು ಹೋದರು. ಅವರ ಹಿಂದೆಯೇ ಏಲಿ ಸಿಸ್ಟರ್ ಬಂದರು.

ಏಲಿ ಸಿಸ್ಟರ್ ಸರಕಾರಿ ನರ್ಸು. ಎಸ್ಟೇಟಿನ ಲೈನು ಲೈನು ನಡೆದು ಸೂಜಿ ಚುಚ್ಚುವುದು, ಬಸುರಿಯರನ್ನು ನೋಡುವುದು ಅವರ ಕೆಲಸ. ಬಿಳಿ ಸೀರೆ, ಕಪ್ಪು ಕೊಡೆ, ಜಿಗಣೆಗೆಂದು ಕಾಲಿಗೆ ಹಚ್ಚಿದ ಹೊಗೆಸೊಪ್ಪಿನ ವಾಸನೆ. ದಾರಿಯಲ್ಲಿ ನಮ್ಮಲ್ಲಿಗೆ ಬಂದು ನೀರು ಕುಡಿದು ಹೋಗುವುದು ಅವರ ವಾಡಿಕೆ. ಅವತ್ತು ಅಡುಗೆಮನೆಯ ಮಣೆಯ ಮೇಲೆ ಕೂತು ನೀರು ಕುಡಿದವರು ಲೋಟ ಕೆಳಗಿಡದೆ ಹಾಗೇ ಹಿಡಿದುಕೊಂಡರು. ಮಿಲ್ಲಿನ ಸದ್ದಿಲ್ಲದ ಆ ಮನೆಯಲ್ಲಿ ಅವ್ವನ ಕೆಮ್ಮು ಒಂದೇ ಕೇಳುತ್ತಿತ್ತು.

“ಮಿಲ್ಲು ನಿಂತು ಎಷ್ಟು ದಿವಸ ಆಯ್ತು?” ಎಂದು ಕೇಳಿದರು.

ಅಪ್ಪ ಮೂರು ದಿನ ಎಂದ.

“ಮಿಲ್ಲು ನಿಂತಿದೆ. ಖಾರ ಇಲ್ಲ. ಕೆಮ್ಮು ಎಂತಕ್ಕೆ ನಿಲ್ಲಲಿಲ್ಲ?”

“ಹತ್ತು ವರ್ಷದ ಖಾರ ಸಿಸ್ಟರ್. ಮೂರು ದಿನಕ್ಕೆ ಇಳೀತದಾ?”

ಅಪ್ಪ ನಕ್ಕ. ಅವರು ನಗಲಿಲ್ಲ. ಅಲ್ಲಿಯವರೆಗೆ ನಮ್ಮ ಮನೆಗೆ ಬಂದುಹೋದ ನೂರಾರು ಜನರಲ್ಲಿ ಒಬ್ಬರಿಗೂ ತೋಚದ ಪ್ರಶ್ನೆ ಅದು. ಅವರು ಅವ್ವನ ಕೈ ಹಿಡಿದು ನೋಡಿ, ಬೆನ್ನಿಗೆ ಕಿವಿಯಿಟ್ಟು ಕೇಳಿ, ಆಮೇಲೆ ನನ್ನ ಕಡೆ ತಿರುಗಿದರು. ಮಗಳೇ ಎನ್ನುವುದಕ್ಕೆ ಅವರು ತಮ್ಮ ಮಲಯಾಳದಲ್ಲಿ ಮೋಳೆ ಎನ್ನುತ್ತಿದ್ದರು.

“ಮೋಳೆ, ನೀನು ಹೇಳು. ಅಮ್ಮನಿಗೆ ಕಫದಲ್ಲಿ ರಕ್ತ ಬರ್ತದಾ?”

ಅವ್ವ ಒಲೆಯ ಬೂದಿ ಕೆದಕುತ್ತಿದ್ದಳು, ನನ್ನನ್ನು ನೋಡಲಿಲ್ಲ. ನೋಡದೆ ಇದ್ದದ್ದರಿಂದಲೇ ಏನು ಹೇಳಬೇಕೆಂದು ನನಗೆ ಗೊತ್ತಾಯಿತು. ಇಲ್ಲ ಎಂದೆ. ಸಿಸ್ಟರ್ ಚೀಲದಿಂದ ಮುಚ್ಚಳವಿದ್ದ ಒಂದು ಪುಟ್ಟ ಡಬ್ಬಿ ತೆಗೆದು ಅವ್ವನ ಹೆಸರು ಬರೆದ ಚೀಟಿ ಅಂಟಿಸಿದರು. ನಾಳೆ ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ತೊಳೆದು, ಎದೆಯ ಆಳದಿಂದ ಕೆಮ್ಮಿ ಇದರಲ್ಲಿ ಉಗುಳಬೇಕು, ಮಗಳ ಕೈಯಲ್ಲಿ ಕಳಿಸಿದರೆ ಸಾಕು, ದೊಡ್ಡಾಸ್ಪತ್ರೆಗೆ ಕಳಿಸಿ ನೋಡಿಸುತ್ತೇನೆ ಎಂದರು. ಅಪ್ಪನ ಮುಂದೆಯೇ ಹೇಳಿದ್ದರಿಂದ ಅವ್ವ ತಲೆಯಾಡಿಸಲೇಬೇಕಾಯಿತು.

ಮರುದಿನ ಬೆಳಿಗ್ಗೆ ಅಪ್ಪ ಬೆಲ್ಟು ಕಟ್ಟುತ್ತಿದ್ದಾಗ ಅವ್ವ ನನ್ನನ್ನು ಬಚ್ಚಲಿನ ಹಿಂದಕ್ಕೆ ಕರೆದಳು. ಡಬ್ಬಿಯನ್ನು ಸೆರಗಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು.

“ನೀನು ಉಗುಳು.”

ನಾನು ಅವಳ ಮುಖ ನೋಡಿದೆ.

“ಉಗುಳು ಜಾನು. ನೀನು ಚೆನ್ನಾಗಿದ್ದೀಯ, ಏನೂ ಬರಲ್ಲ ಅದ್ರಲ್ಲಿ. ಹುತ್ತರಿ ಹಬ್ಬ, ಕಾಫಿ ಪಿಕಿಂಗು ಎಲ್ಲ ಕಳೀಲಿ. ಆಮೇಲೆ ನಾನೇ ಹೋಗಿ ತೋರಿಸ್ತೀನಿ, ನಿನ್ನಾಣೆ.”

ಉಗುಳಿದೆ. ಸಾಲದು ಎಂದಳು. ಇನ್ನೆರಡು ಸಲ ಉಗುಳಿದೆ. ಅವ್ವ ಮುಚ್ಚಳ ತಿರುಗಿಸಿ, ಡಬ್ಬಿಯ ಹೊರಮೈಯನ್ನು ಸೆರಗಿನಿಂದ ಒರೆಸಿ, ನನ್ನ ಕೆನ್ನೆ ಸವರಿದಳು. ನಾನು ಅದನ್ನು ಶಾಲೆಯ ಚೀಲದಲ್ಲಿ ಪುಸ್ತಕಗಳ ನಡುವೆ ನೆಟ್ಟಗೆ ಇಟ್ಟುಕೊಂಡು, ಅಲ್ಲಾಡದಂತೆ ನಡೆದು, ಸಿಸ್ಟರ್ ಕೈಗೆ ಕೊಟ್ಟೆ. ಅವರು ಜಾಣೆ ಎಂದರು. ಕಡಲೆಮಿಠಾಯಿ ಕೊಟ್ಟರು. ಅದನ್ನು ದಾರಿಯಲ್ಲೇ ತಿಂದೆ, ಚೆನ್ನಾಗಿಯೇ ಇತ್ತು.

ಕೆಲವು ದಿನಗಳ ಮೇಲೆ ಸಿಸ್ಟರ್ ಬಂದು ಕಫದಲ್ಲಿ ಏನೂ ಇಲ್ಲ ಎಂದು ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ. ಒಂದು ಸಲ ಎಕ್ಸರೇ ತೆಗೆಸಿದರೆ ಒಳ್ಳೆಯದು ಎಂದರು. ಅಪ್ಪ ಕೈ ಮುಗಿದು, ಪಿಕಿಂಗ್ ಮುಗಿಯಲಿ ಸಿಸ್ಟರ್ ಎಂದ. ಆ ದಿನ ಕೋಳಿ ತಂದ. ಅವ್ವ ಅಕ್ಕಿ ರೊಟ್ಟಿ, ಕೋಳಿ ಸಾರು ಮಾಡಿದಳು. ಹಬ್ಬವಲ್ಲದಿದ್ದರೂ ಅಪ್ಪ ಕೂತು ಉಂಡ. ಅವ್ವ ನನ್ನ ತಟ್ಟೆಗೆ ಒಳ್ಳೊಳ್ಳೆ ತುಂಡು ಹಾಕಿದಳು. ನಾನು ಅವನ್ನು ತಟ್ಟೆಯ ಅಂಚಿಗೆ ಸರಿಸಿದೆ.

ಹುತ್ತರಿ ಬಂತು. ತಂಬಿಟ್ಟಿಗೆ ಹಿಟ್ಟು ಮಾಡಿಸುವವರ ಸಾಲು ರಸ್ತೆಯವರೆಗೂ ಇತ್ತು. ಹುತ್ತರಿಯ ಹಿಂದೆ ಕಾಫಿ ಪಿಕಿಂಗ್, ಲೈನುಗಳ ತುಂಬ ಹೊರಗಿನಿಂದ ಬಂದ ಜನ, ಎಲ್ಲರಿಗೂ ಖಾರದ ಪುಡಿ ಬೇಕು. ಅವ್ವ ಇಳಿಯುತ್ತ ಹೋದಳು. ರವಿಕೆಗಳನ್ನು ತಾನೇ ಹಿಡಿದು ಹೊಲಿದುಕೊಂಡಳು. ಚೀಲ ಎತ್ತುವಾಗ ಗೋಡೆ ಹಿಡಿಯುತ್ತಿದ್ದಳು. ನಾನು ಒಂದೆರಡು ಸಲ ಆಸ್ಪತ್ರೆಯ ಮಾತು ಎತ್ತಿದೆ. ಹೋಗ್ತೀನಿ ಕಣೆ, ಆಣೆ ಇಟ್ಟಿಲ್ವಾ ಎನ್ನುವಳು. ಕಾಫಿ ಹೂವು ಅರಳಿ ಬಾಡಿ ಹೋಯಿತು. ಒಂದು ಬೆಳಿಗ್ಗೆ ಖಾರದ ಮಿಷಿನ್ನು ಖಾಲಿ ಓಡುವ ಸದ್ದು ಬಂತು. ಒಳಗೆ ಕಾಳು ಇಲ್ಲದಾಗ ಕಲ್ಲು ಬೇರೆಯೇ ಥರ ಕಿರುಚುತ್ತದೆ. ಅಪ್ಪ ಬಾಗಿಲು ಒದ್ದು ತೆಗೆದ. ಅವ್ವ ಮೆಣಸಿನ ಚೀಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು, ಬಾಯಿಂದ ಕುತ್ತಿಗೆಯವರೆಗೆ ರಕ್ತ. ಅದನ್ನು ಖಾರ ಎಂದು ಹೇಳುವ ಹಾಗಿರಲಿಲ್ಲ.

ಬೊಳ್ಳಮ್ಮಕ್ಕನ ಮನೆಯ ಜೀಪು ಬಂತು. ಸಿಸ್ಟರ್ ಓಡಿ ಬಂದರು. ಜೀಪಿನಲ್ಲಿ ಅವ್ವನನ್ನು ಮಲಗಿಸುತ್ತಿದ್ದಾಗ ನಾನು ಸಿಸ್ಟರ್ ಸೀರೆಯನ್ನು ಹಿಡಿದು ಎಳೆದು, ಮಿಲ್ಲಿನ ಜಗಲಿಯ ಮೂಲೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಸೀರೆಯ ರಕ್ತ, ಡಬ್ಬಿ, ಮೂರು ಸಲ ಉಗುಳಿದ್ದು. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರವಾಗುತ್ತಿತ್ತೋ ಏನೋ. ಅವರು ನನ್ನೆದುರು ಬಗ್ಗಿ, ಎರಡು ಕೈಯನ್ನೂ ನನ್ನ ಹೆಗಲ ಮೇಲೆ ಇಟ್ಟರು.

“ನೀನು ಮಗು. ಕಫ ತಗೊಳ್ಳುವಾಗ ಎದುರು ನಿಂತು ನೋಡ್ಬೇಕು. ನಾನು ನೋಡಲಿಲ್ಲ. ತಂದದ್ದು ಬರೀ ಎಂಜಲು ಅಂತ ನೋಡಿದ ಕೂಡಲೇ ಗೊತ್ತಾಗ್ಬೇಕಿತ್ತು. ಇದು ನನ್ನ ತಪ್ಪು. ನಿನ್ನದಲ್ಲ. ಕೇಳಿತಾ ಮೋಳೆ?”

ಕೇಳಿತು. ಅದನ್ನೇ ಅವರು ಅಪ್ಪನ ಹತ್ತಿರವೂ ಹೇಳಿದರು, ಡಾಕ್ಟರ ಹತ್ತಿರವೂ ಹೇಳಿದರು, ನನ್ನ ಹೆಸರು ಎತ್ತಲಿಲ್ಲ. ಡಾಕ್ಟರು ಅವರನ್ನು ಎಲ್ಲರೆದುರು ಬೈದದ್ದನ್ನು ನಾನು ನೋಡಿದೆ. ಅವರು ತಲೆ ತಗ್ಗಿಸಿ ನಿಂತಿದ್ದರು. ಈಗ ಮಹಿಳಾ ಸಂಘದ ಸಭೆಗಳಿಗೆ ನನ್ನನ್ನು ಕರೆಯುತ್ತಾರೆ, ಸ್ವಂತ ದುಡಿಮೆಯಿಂದ ಮೇಲೆ ಬಂದವಳು ಎಂದು ಮೈಕು ಕೊಡುತ್ತಾರೆ, ನಿಮಗೆ ಸ್ಫೂರ್ತಿ ಯಾರು ಎಂದು ಕೇಳುತ್ತಾರೆ. ಅಪ್ಪನ ಹೆಸರು ಹೇಳಲಿ ಎಂದು ಕಾಯುತ್ತಿರುತ್ತಾರೆ. ನಾನು ಏಲಿ ಸಿಸ್ಟರ್ ಎನ್ನುತ್ತೇನೆ. ಯಾಕೆಂದು ಮಾತ್ರ ಇದುವರೆಗೆ ಎಲ್ಲೂ ಹೇಳಿರಲಿಲ್ಲ.

ಅವ್ವನನ್ನು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅವಳು ಹೆದರಿದ್ದ ಹಾಗೆಯೇ ಆಯಿತು. ಸುದ್ದಿ ಹಬ್ಬಿ ಮಿಲ್ಲಿನ ಮುಂದೆ ಒಂದು ಚೀಲವೂ ಕಾಣದಾಯಿತು. ಅಪ್ಪ ಕಿಟಕಿಯ ಮೊಳೆಗಳನ್ನು ಕಿತ್ತು ಎಸೆದು ಜಗಲಿಯಲ್ಲಿ ಕೂತುಬಿಟ್ಟ. ಎರಡನೆಯ ವಾರ, ಸಂತೆಯ ಮಾರನೆಯ ದಿನ, ಜನ ಓಡಾಡುವ ಹೊತ್ತು ನೋಡಿ ಏಲಿ ಸಿಸ್ಟರ್ ಎರಡು ಸೇರು ಅಕ್ಕಿ ತಂದರು. ಅಪ್ಪ ಮಿಲ್ಲು ಚಾಲೂ ಮಾಡಿದ. ಅವರು ಬಿಸಿ ಹಿಟ್ಟನ್ನು ಅಂಗೈಗೆ ಹಾಕಿಕೊಂಡು ರಸ್ತೆಯ ಅಂಚಿನಲ್ಲಿ ನಿಂತು, ನೋಡುತ್ತಿದ್ದವರೆದುರು ಬಾಯಿಗೆ ಹಾಕಿಕೊಂಡರು.

“ಈ ಕಾಯಿಲೆ ಕೆಮ್ಮಿದ ಗಾಳೀಲಿ ಬರ್ತದೆ, ಹಿಟ್ಟಲ್ಲಿ ಬರಲ್ಲ. ಕೆಮ್ಮುವವರು ಆಸ್ಪತ್ರೆಯಲ್ಲಿದ್ದಾರೆ. ಇನ್ನೆಂತ ಹೆದರಿಕೆ?”

ಎದುರು ಮನೆಯಿಂದ ಬೊಳ್ಳಮ್ಮಕ್ಕ ಒಂದು ಮೊರ ಅಕ್ಕಿ ಹಿಡಿದು ಬಂದರು. “ಇಲ್ಲಿ ಬಿಟ್ಟು ಇನ್ನೆಲ್ಲಿಗೆ ಹೋಗುದು ಮಾರಾಯ್ರೆ, ವಿರಾಜಪೇಟೆಗೆ ಹೊತ್ಕೊಂಡು ಹೋಗ್ಲಿಕ್ಕುಂಟಾ?” ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದರು. ತಿಂಗಳು ತುಂಬುವುದರೊಳಗೆ ಸಾಲು ಮೊದಲಿನ ಹಾಗೆಯೇ ಆಯಿತು. ಬೆಳಿಗ್ಗೆ ರೊಟ್ಟಿ ತಿನ್ನುವ ಊರು ಎಷ್ಟು ದಿನ ಹೆದರಿಕೊಂಡಿರುತ್ತದೆ. ಖಾರ ಆಗದ ಅಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು, ತೆರೆದ ಕಿಟಕಿಯ ಪಕ್ಕ ನಿಂತು ಖಾರ ಅರೆದ. ಸೀನಿದ, ಕೆಮ್ಮಿದ, ಅರೆದ. ಆಗುತ್ತದೆ ಎಂದು ಆಗ ಗೊತ್ತಾಯಿತು.

ನಾನು ಅಪ್ಪನ ಜೊತೆ ಆಸ್ಪತ್ರೆಗೆ ಹೋದದ್ದು ಒಂದೇ ಸಲ. ಉದ್ದನೆಯ ವಾರ್ಡು, ಎರಡು ಕಡೆಯೂ ತೆರೆದ ದೊಡ್ಡ ಕಿಟಕಿಗಳು. ಅವ್ವ ದಿಂಬಿಗೆ ಒರಗಿ ಕೂತಿದ್ದಳು. ಅವಳ ಮುಖದಲ್ಲಿ ಕೆಂಪು ಪುಡಿ ಇಲ್ಲದ್ದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಕಡಿಮೆ. ಬೆಳ್ಳಗಿದ್ದಳು ನಮ್ಮವ್ವ, ನನಗೆ ಗೊತ್ತೇ ಇರಲಿಲ್ಲ. ಅವಳಿಗೆ ಸಂತೋಷವಾಗಲಿ ಎಂದು ಅಪ್ಪ ಮಿಲ್ಲಿನ ಸುದ್ದಿ ಹೇಳಿದ.

“ಜನ ಬತ್ತಾವ್ರೆ ಕಣೆ. ಮೊದಲಿನಂಗೇ ಬತ್ತಾವ್ರೆ. ನೀನೇನೂ ಯೋಚ್ನೆ ಮಾಡ್ಬೇಡ.”

ಅವ್ವ ದಿಂಬಿನಿಂದ ಸ್ವಲ್ಪ ಮೇಲೆದ್ದಳು.

“ಬತ್ತಾರಾ?” ಎಂದಳು. “ನನಗೆ ಕಾಯಿಲೆ ಅಂತ ಗೊತ್ತಾದ್ಮೇಲೂ?”

“ಹೂಂ.”

“ಅಷ್ಟೇನಾ ಹಂಗಾದ್ರೆ.”

ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನ ಕಡೆ ನೋಡಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹೋದಳು. ಮಾತ್ರೆ ಸೂಜಿ ಎಲ್ಲ ಕೊಟ್ಟರು, ಎದೆಯಲ್ಲಿ ಔಷಧಿ ಹಿಡಿಯಲು ಜಾಗವೇ ಉಳಿದಿರಲಿಲ್ಲ ಎಂದು ಆಮೇಲೆ ಸಿಸ್ಟರ್ ಹೇಳಿದರು. ಎಂಟು ತಿಂಗಳು ಮೊದಲು ಬಂದಿದ್ದರೆ ಎಂದು ಅವರು ಹೇಳಲಿಲ್ಲ. ಆ ಲೆಕ್ಕ ನಾನೇ ಹಾಕಿಕೊಂಡೆ. ಕೈಲ್‌ಪೊಳ್ದಿನಿಂದ ಕಾಫಿ ಹೂವು ಬಾಡುವವರೆಗೆ. ಬೆರಳು ಮಡಚಿ ಎಣಿಸಿದ ಆ ಲೆಕ್ಕವನ್ನು ನಲವತ್ತು ವರ್ಷಗಳಿಂದ ಎಣಿಸುತ್ತಲೇ ಇದ್ದೇನೆ, ಎಷ್ಟು ಸಲ ಎಣಿಸಿದರೂ ಎಂಟೇ ಬರುತ್ತದೆ.

ಈಗ ನನ್ನ ಮಿಲ್ಲಿನಲ್ಲಿ ನಾಲ್ವರು ಹೆಂಗಸರು ಕೆಲಸ ಮಾಡುತ್ತಾರೆ. ಖಾರ, ಸಾಂಬಾರ ಪುಡಿ ಪೊಟ್ಟಣ ಕಟ್ಟಿ ಮಡಿಕೇರಿ, ಕುಶಾಲನಗರದವರೆಗೆ ಕಳಿಸುತ್ತೇವೆ. ಧೂಳು ಎಳೆಯುವ ಫ್ಯಾನು ಹಾಕಿಸಿದ್ದೇನೆ, ಒಬ್ಬರು ಒಂದು ಗಂಟೆಗಿಂತ ಹೆಚ್ಚು ಖಾರದ ಮುಂದೆ ನಿಲ್ಲುವಂತಿಲ್ಲ. ಎರಡು ವಾರ ಕೆಮ್ಮಿದವರನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಬ್ಬಿ ಕೈಗೆ ಕೊಟ್ಟು, ಎದುರು ನಿಂತು ನೋಡುತ್ತೇನೆ. ಮಿಲ್ಲಕ್ಕನ ಮುಂದೆ ಕೆಮ್ಮಬೇಡಿ, ಎತ್ತಾಕಿಕೊಂಡು ಹೋಗ್ತಾಳೆ ಎಂದು ಆ ಹೆಂಗಸರು ತಮಾಷೆ ಮಾಡುವುದು ನನ್ನ ಕಿವಿಗೂ ಬಿದ್ದಿದೆ. ಮಾಡಲಿ. ನನಗೆ ಸಿಡುಕಿ ಎಂದೂ ಹೆಸರಿದೆ, ಅದೂ ಸುಳ್ಳಲ್ಲ.

ಅಪ್ಪ ನನ್ನ ಜೊತೆಯಲ್ಲೇ ಇದ್ದಾನೆ, ಎಂಬತ್ತು ದಾಟಿದೆ. ಹೋದ ವರ್ಷ ಅವನ ಕೆಮ್ಮು ಎರಡು ವಾರ ಬಿಡಲಿಲ್ಲ. ಆಸ್ಪತ್ರೆಯಿಂದ ಡಬ್ಬಿ ತಂದೆ. ಬೆಳಿಗ್ಗೆ ಬಾಯಿ ತೊಳೆಸಿ, ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ, ಡಬ್ಬಿ ಕೈಗೆ ಕೊಟ್ಟು ಎದುರು ನಿಂತೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಎದುರಿಗೆ ನಿಂತ್ಕೊಂಡು ನೋಡ್ತೀಯಲ್ಲ,” ಎಂದ.

“ನೋಡ್ಬೇಕು. ಉಗುಳಪ್ಪ.”

“ಅವತ್ತು ನಾನೂ ನೋಡಿದ್ದೆ.”

ಯಾವತ್ತು ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ.

“ಬೆಲ್ಟಿಗೆ ಹಗ್ಗ ಬೇಕಿತ್ತು, ಬಚ್ಚಲ ಹಿಂದಕ್ಕೆ ಬಂದೆ. ನೀನು ಉಗುಳ್ತಾ ಇದ್ದೆ, ಅವಳು ಡಬ್ಬಿ ಹಿಡ್ಕೊಂಡಿದ್ಲು. ಹಂಗೇ ವಾಪಸ್ ಹೋದೆ.”

“ಯಾಕೆ ಹೇಳ್ಲಿಲ್ಲ?”

“ಮುಂದೆ ಹುತ್ತರಿ ಇತ್ತು. ಹುತ್ತರಿ ಕಳೀಲಿ ಅಂದ್ಕೊಂಡೆ.”

ಹನ್ನೊಂದು ವರ್ಷದವಳ ತಲೆಯ ಮೇಲಿದ್ದ ಆ ಎಂಟು ತಿಂಗಳನ್ನು ಅರ್ಧ ಇಳಿಸಬಹುದಾಗಿದ್ದ ಮನುಷ್ಯ ಇಷ್ಟು ವರ್ಷ ಅದೇ ಅಡುಗೆಮನೆಯಲ್ಲಿ ನನ್ನ ಕೈಯಿಂದ ರೊಟ್ಟಿ ಈಸಿಕೊಂಡು ತಿಂದಿದ್ದ. ಕೂಗಬೇಕೆನಿಸಿತು. ಅವನ ಕೈಯಲ್ಲಿದ್ದದ್ದನ್ನು ಕಿತ್ತು ಎಸೆಯಬೇಕೆನಿಸಿತು. ಅಪ್ಪ ನನ್ನ ಮುಖ ನೋಡಲಾರದೆ ತಲೆ ಬಗ್ಗಿಸಿ, ಡಬ್ಬಿಯೊಳಗೆ ಉಗುಳಿ, ನನ್ನ ಕಡೆ ಚಾಚಿದ. ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದೆ.

“ಇದು ಬರೀ ಎಂಜಲು,” ಎಂದೆ. “ಇನ್ನೊಂದ್ಸಲ ಕೆಮ್ಮಪ್ಪ. ಆಳದಿಂದ ಬರ್ಬೇಕು.”